ಚಿಲ್ಲರೆ ಇಳಿಯುವಾಗ

ಕೆಂಗೇರಿಯಿಂದ ಮಾರ್ಕೆಟ್ಟಿಗೆ ಮೊದಲ ಟ್ರಿಪ್ಪು.
ಐದೂ ಮುಕ್ಕಾಲಿಗೆ ಹೂವಿನ ಹೆಂಗಸರು,
ಖಾಲಿ ಬುಟ್ಟಿ, ತುಂಬಿದ ಬಾಯಿ.
ಅವರಿಗೆಲ್ಲ ಸೊನ್ನೆ ರೂಪಾಯಿಯ ಟಿಕೇಟು.
ಸೊನ್ನೆಯಾದರೂ ಹರಿದು ಕೊಡಲೇಬೇಕು,
ಸೊನ್ನೆಗೂ ಲೆಕ್ಕ ಕೇಳುತ್ತಾರೆ ಡಿಪೋದಲ್ಲಿ.
'ಇದ್ಯಾಕಮ್ಮ ಈ ಚೀಟಿ, ಕಿವಿ ಕೆರ್ಕೊಳ್ಳೋಕಾ?'
ಪುಟ್ಟಚೆನ್ನಮ್ಮ ದಿನಾ ಕೇಳುತ್ತಾಳೆ.
ದಿನಾ ನಗುತ್ತೇನೆ.

ನಾಲ್ಕಕ್ಕೇ ಎದ್ದು ಕೂತಿದ್ದರು ಅತ್ತೆ.
'ಯಾರ ಮನೆ ಇದು?'
ನಿಮ್ಮದೇ ಎಂದೆ. ನಂಬಲಿಲ್ಲ.
'ಒಳ್ಳೆಯವಳ ಥರ ಕಾಣ್ತೀಯ,
ನನ್ನ ಮನೆಗೆ ಕಳಿಸಿಬಿಡು' ಎಂದು ಕೈಹಿಡಿದರು.
ಆ ಕೈ ಬಿಡಿಸಿಕೊಂಡು ಸೀರೆ ಉಟ್ಟೆ.
ಮಗಳ ಬಾಗಿಲಿಗೆ ಕೇಳುವಂತೆ ಹೋಗಿಬರ್ತೀನಿ ಎಂದೆ.
ಇವತ್ತಿಗೆ ಹತ್ತೊಂಬತ್ತು ದಿನ.
ಆ ಕಡೆಯಿಂದ ಫ್ಯಾನಿನ ಸದ್ದು.

ರಾಜರಾಜೇಶ್ವರಿ ಗೇಟು ಬಂದರೆ
ಕಾಲಿಡಲು ಜಾಗವಿಲ್ಲ.
'ಒಳಗ್ ಹೋಗಿ, ಒಳಗ್ ಹೋಗಿ, ಮಧ್ಯ ಖಾಲಿ ಇದೆ'
ಎಂದು ಕೂಗುವುದು ನನ್ನ ಕೆಲಸ.
ಮಧ್ಯ ಎಂದೂ ಖಾಲಿ ಇರುವುದಿಲ್ಲ.
ಆದರೂ ಕೂಗಿದರೆ
ಎಲ್ಲಿಂದಲೋ ಒಂದಡಿ ಜಾಗ ಹುಟ್ಟುತ್ತದೆ,
ಇನ್ನೂ ಇಬ್ಬರು ಹತ್ತುತ್ತಾರೆ.
ಹೇಗೆಂದು ಇಪ್ಪತ್ತೊಂದು ವರ್ಷವಾದರೂ ನನಗೆ ತಿಳಿದಿಲ್ಲ.

ಅಷ್ಟರಲ್ಲಿ ಫೋನು. ತಮ್ಮ ರುದ್ರೇಶ,
ಕುಡಿತ ಬಿಡಿಸುವ ಮೂರನೆಯ ಜಾಗದಿಂದ.
ಅವನದೂ ಅದೇ ಮಾತು:
ಅಕ್ಕಾ, ಮನೆಗೆ ಕಳಿಸು.
ಭಾನುವಾರ ಬರ್ತೀನಿ, ಇಡು ಎಂದೆ.
ಯಾರೋ 'ಮೇಡಂ, ಸ್ಯಾಟಲೈಟ್ ಒಂದು' ಎಂದರು.

ನಾಯಂಡಹಳ್ಳಿಯ ಮೋರಿ ದಾಟುವಾಗ
ವೃಷಭಾವತಿಯ ನಾತಕ್ಕೆ
ಬಸ್ಸಿಗೆ ಬಸ್ಸೇ ಮೂಗು ಮುಚ್ಚುತ್ತದೆ,
ಕರ್ಚೀಫು, ಸೆರಗು, ಅಂಗೈ.
ಕಣ್ಣಲ್ಲಿ ನೀರು ಬಂದರೂ ಯಾರೂ ಏನೂ ಕೇಳುವುದಿಲ್ಲ.
ಎರಡು ನಿಮಿಷ. ಸಿಗ್ನಲ್ ಬಿದ್ದರೆ ನಾಲ್ಕು.
ನಗರದಲ್ಲಿ ನನಗೆಂದು ಇರುವ ಜಾಗ ಅದೊಂದೇ,
ದೇವರು ಆ ಹೊಳೆಯನ್ನು ಸದ್ಯಕ್ಕೆ ಶುದ್ಧ ಮಾಡದಿರಲಿ.

ಆಮೇಲೆ ಗೋರಿಪಾಳ್ಯ.
ನಸೀಮಾ ಇಲ್ಲೇ ಹತ್ತುತ್ತಿದ್ದಳು, ಎರಡನೆಯ ಪಾಳಿಗೆ.
ಅವಳ ಲಾಕರಿನಲ್ಲಿ ನನ್ನ ಡಬ್ಬಿ ಇನ್ನೂ ಇದೆ,
ತೊಳೆದು, ಒರೆಸಿ, ಬೋರಲು ಹಾಕಿದ್ದು.
ಡಿಪೋದಲ್ಲಿ ಎಲ್ಲರೂ ಎದ್ದು ಮೌನ ನಿಂತಾಗ
ನಾನು ಅಳಲಿಲ್ಲ. 'ಕಲ್ಲು ಕಣಯ್ಯ ಅವಳು' ಎಂದರು ಹಿಂದೆ.
ಚೀಲದಲ್ಲಿ ದುಡ್ಡು ಕಡಿಮೆ ಬಿದ್ದರೂ ಕೇಸು,
ಹೆಚ್ಚಾದರೂ ಕೇಸು.
ಹಾಗೇ ಇದೂ ಇರಬೇಕು.

ಐದುನೂರರ ನೋಟು ಚಾಚಿದವರಿಗೆಲ್ಲ
ಟಿಕೇಟಿನ ಬೆನ್ನಿಗೆ ಬರೆದು ಕೊಡುತ್ತೇನೆ:
ಈಗ ಇಲ್ಲಪ್ಪ, ಇಳಿಯುವಾಗ ಇಸ್ಕೊಳ್ಳಿ.
ಎಲ್ಲರೂ ಒಟ್ಟಿಗೇ ಕೇಳಬೇಡಿ.
ಅತ್ತೆಗೆ ರಾತ್ರಿ ಎಂಟರ ಮೇಲೆ.
ಮಗಳಿಗೆ, ಅವಳು ಬಾಯಿಬಿಟ್ಟ ಗಳಿಗೆಗೆ.
ನಸೀಮಾಳ ಬಾಕಿ ಯಾರ ಕೈಗೆ ಕೊಡಲಿ?
ನನಗೆ ಗುರುವಾರ ಎಂದಿದ್ದಾರೆ, ಕಿದ್ವಾಯಿಯಲ್ಲಿ.
ಅಲ್ಲಿಯವರೆಗೆ ಚೀಲದ ಪಟ್ಟಿಯನ್ನು
ಎಡಗಡೆ ಒತ್ತದಂತೆ ಬಲಭುಜಕ್ಕೆ ಹಾಕಿದ್ದೇನೆ.
ಡ್ರೈವರ್ ಬೋರಯ್ಯ ನೋಡಿದರು, ಕೇಳಲಿಲ್ಲ,
ಹಳ್ಳ ಬಂದ ಕಡೆ ಬಸ್ಸನ್ನು ಮೆಲ್ಲಗೆ ಇಳಿಸಿದರು.

ಸಿರ್ಸಿ ಸರ್ಕಲ್ಲಿನಲ್ಲಿ ಒಬ್ಬ ಮುದುಕರು
ಚಿಲ್ಲರೆ ಮರೆತು ಇಳಿದೇಬಿಟ್ಟರು.
ಬಾಗಿಲಿಗೆ ಬಾಗಿ ಕೂಗಿದೆ:
ಯಜಮಾನ್ರೇ, ಮೂರು ರೂಪಾಯಿ!
ತಿರುಗಿ ನೋಡಿ ಕೈ ಬೀಸಿದರು,
'ಇರ್ಲಿ ಬಿಡವ್ವ, ನಾಳೆನೂ ಬರ್ತೀನಲ್ಲ.'

ಮೂರು ನಾಣ್ಯವನ್ನು ಬೇರೆ ಜೇಬಿಗೆ ಹಾಕಿ
ಸೀಟಿ ಊದಿದೆ.