ಸಾಂದರ್ಭಿಕ ಚಿತ್ರ

ಬೆಳಗಿನ ನಾಲ್ಕೂವರೆಗೆ ವ್ಯಾನು ಬಂದು
ಅಂಗಡಿ ಬಾಗಿಲಿಗೆ ಕಟ್ಟುಗಳನ್ನೆಸೆದು ಹೋಗುತ್ತದೆ.
ಯೂನುಸ್ ಕತ್ತರಿ ಹುಡುಕುವಷ್ಟರಲ್ಲಿ
ನಾನು ಬ್ರೆಡ್ಡಿನ ಚಾಕುವಿನಲ್ಲೇ ಪಟ್ಟಿ ಕೊಯ್ದಿರುತ್ತೇನೆ.
ಮೇಲಿನ ಹಾಳೆ ಮಗುಚಿದರೆ
ನಾನೇ.

ಕಪ್ಪು ನಿಖಾಬು, ಹಳದಿ ಚೀಲ,
ಚೀಲದಿಂದ ಇಣುಕುವ ಮೂಲಂಗಿ ಸೊಪ್ಪು,
ಎಡಗಾಲಿನ ಬೂಟಿನ ಲೇಸು ಬಿಚ್ಚಿಕೊಂಡಿದೆ.
ಗುರುತು ಹತ್ತಿದ್ದು ಆ ಲೇಸಿನಿಂದ.
ಮುಖವನ್ನಂತೂ ನಾನೇ ಮುಚ್ಚಿಕೊಂಡದ್ದು,
ಅದರಲ್ಲಿ ಅವರ ತಪ್ಪಿಲ್ಲ.

ಡ್ಯೂಸ್‌ಬರಿಯ ಸಂತೆಬೀದಿ, ನವೆಂಬರ್, ಬುಧವಾರ.
ಹದಿನಾರು ವರ್ಷದ ಹಿಂದೆ ಯಾರೋ ಒಬ್ಬ
ರಸ್ತೆಯಾಚೆಯಿಂದ ಕ್ಲಿಕ್ಕಿಸಿ ಹೋದ.
ಅಂದಿನಿಂದ ನನಗೆ ಬಿಡುವೇ ಇಲ್ಲ.
ಮುಸುಕು ನಿಷೇಧದ ಚರ್ಚೆಯೆದ್ದರೆ ನಾನು,
ಸರ್ಕಾರದ ಭತ್ಯೆ ಯಾರು ನುಂಗಿದರೆಂದು ಲೆಕ್ಕ ಹಾಕಿದರೂ ನಾನು.
ಕಾಲಿಟ್ಟೇ ಇಲ್ಲದ ಯಾವುದೋ ಊರಿನಲ್ಲಿ ಬಾಂಬು ಸಿಕ್ಕಿದ ದಿನ
ಆ ಸುದ್ದಿಯ ಪಕ್ಕದಲ್ಲಿ, ಮೂಲಂಗಿ ಸಮೇತ.
ಒಮ್ಮೆ ಹಲಾಲ್ ಮಾಂಸದ ಲೇಖನಕ್ಕೂ ಹಾಕಿದ್ದರು.
ಸೊಪ್ಪು ಹಿಡಿದವಳನ್ನು!

ಕಣ್ಣಿನ ಮೇಲೆಯೇ ಅರ್ಧ ಪುಟ ಬರೆದರು ಒಬ್ಬರು:
ಕಿರಿದಾದ ಆ ಕಣ್ಣುಗಳಲ್ಲಿ ತಲೆಮಾರುಗಳ ಮೌನವಂತೆ.
ಇನ್ನೊಂದು ಪತ್ರಿಕೆಗೆ ಅದೇ ಕಣ್ಣಲ್ಲಿ ಹಗೆ ಕಂಡಿತು.
ಅವತ್ತು ನನಗೆ ಹಲ್ಲುನೋವು.
ಕೆಳದವಡೆ, ಬಲಗಡೆ, ಕಟ್ಟಕಡೆಯದು.
ಡಾಕ್ಟರು ಶುಕ್ರವಾರ ಬಾ ಅಂದಿದ್ದರು.
ಲವಂಗ ಕಚ್ಚಿಕೊಂಡು ಬಸ್ಸಿನ ದಾರಿ ನೋಡುತ್ತಿದ್ದೆ.

ಕಾಗದ ಬರೆದೆ. ಇಂಗ್ಲಿಷು ತಿದ್ದಿಸಿ, ಸ್ಟಾಂಪು ಹಚ್ಚಿ:
ಮಾನ್ಯರೇ, ಆ ಚಿತ್ರದಲ್ಲಿರುವುದು ರುಕೈಯಾ ಲೂನಾತ್.
ನೋವಿನ ಹಲ್ಲು ಕಿತ್ತಿಸಿಯಾಗಿದೆ.
ದಯವಿಟ್ಟು ಬೇರೆ ಚಿತ್ರ ಬಳಸಿ, ಆಗದಿದ್ದರೆ
ಕೆಳಗೆ 'ಹಲ್ಲುನೋವು' ಅಂತಲಾದರೂ ಹಾಕಿ.

ಮೂರು ವಾರಕ್ಕೆ ಉತ್ತರ ಬಂತು, ಒಳ್ಳೆಯ ಕಾಗದ, ಒಳ್ಳೆಯ ಮಾತು:
ಅದು ಸಾಂದರ್ಭಿಕ ಚಿತ್ರ ಮಾತ್ರ,
ಯಾವುದೇ ವ್ಯಕ್ತಿಯನ್ನು ಸೂಚಿಸುವುದಿಲ್ಲ.

ಯೂನುಸ್ ನಕ್ಕ. 'ಎತ್ತು ಈಯಿತು ಅಂದವರನ್ನು
ಕರು ಎಲ್ಲಿ ಅಂತ ಕೇಳಬಾರದು ಕಣೆ,
ಕೊಟ್ಟಿಗೆ ತೋರಿಸಿ ಸುಮ್ಮನಿರಬೇಕು.'
ನಕ್ಕವನೇ ನನ್ನನ್ನು ಐವತ್ತು ಪ್ರತಿ ಎಣಿಸಿ
ಕಪಾಟಿನಲ್ಲಿ ಜೋಡಿಸಿದ. ವ್ಯಾಪಾರ ವ್ಯಾಪಾರವೇ.

ಏಳೂವರೆಗೆ ಮೌರೀನ್ ಬರುತ್ತಾಳೆ,
ಹಾಲು, ಪೇಪರು, ಬೆಕ್ಕಿಗೆ ಡಬ್ಬಿ.
ಕೌಂಟರಿನ ಮೇಲೆ ನನ್ನ ಎದೆಗೆ ಮೊಣಕೈಯೂರಿ
'ನೋಡು, ಇಂಥವರಿಂದ ದೇಶ ಕೆಟ್ಟಿತು' ಅನ್ನುತ್ತಾಳೆ,
'ನಿನ್ನ ಹಾಗಲ್ಲಮ್ಮ ಇವರು' ಅಂತಲೂ ಸೇರಿಸುತ್ತಾಳೆ.
ಆಮೇಲೆ ಲಾಟರಿ ಚೀಟಿ ನೀಡಿ, ಕನ್ನಡಕ ಮರೆತೆ,
ನಂಬರು ನೀನೇ ನೋಡಿಬಿಡು ಅನ್ನುತ್ತಾಳೆ.
ನೋಡುತ್ತೇನೆ. ಎರಡು ಪೌಂಡು ಬಂದಿರುತ್ತದೆ ಒಮ್ಮೊಮ್ಮೆ.

ಇದನ್ನೆಲ್ಲ ಸಹಿಸಬಹುದು. ಊರ ಬಾಯಿಗೆ ಮುಚ್ಚಳವಿಲ್ಲ.
ಆದರೆ ನಾನು ಮೊದಲು ನೋಡುವುದು
ಚಿತ್ರದ ಬಲಗಡೆಯ ಅಂಚು, ಕೆಳಗೆ,
ನನ್ನ ಖಾಲಿ ಕೈ ಇಳಿಬಿದ್ದಿರುವಲ್ಲಿ.

ಖಾಲಿಯಲ್ಲ ಅದು.
ಜಕರಿಯಾ ಹಿಡಿದಿದ್ದ. ಮೂರು ವರ್ಷದವನು,
ಬಸ್ಸಿನ ನಂಬರು ಮೊದಲು ತಾನೇ ಹೇಳಬೇಕೆಂದು
ರಸ್ತೆಗೆ ಜಗ್ಗುತ್ತಿದ್ದ.
ಕೆಂಪು ಉಣ್ಣೆಯ ಕೈಗವಸು, ನಾನೇ ಹೆಣೆದದ್ದು,
ಹೆಬ್ಬೆರಳು ಸ್ವಲ್ಪ ಉದ್ದವಾಗಿತ್ತು.

ಮೊದಲ ಸಲ ಅಚ್ಚಾದಾಗ ಮೂರು ಬೆರಳು ಉಳಿದಿದ್ದವು.
ಆ ಜುಲೈಯಲ್ಲಿ ಎರಡು.
ಒಂದು ಭಾನುವಾರದ ಪುರವಣಿಯಲ್ಲಿ, ಬಣ್ಣದಲ್ಲಿ,
ಉದ್ದ ಹೆಬ್ಬೆರಳು ಪೂರ್ತಿ ಬಂದಿತ್ತು.
ಆ ಪ್ರತಿಯನ್ನು ಮಾರಲಿಲ್ಲ.

ಇವತ್ತಿನದರಲ್ಲಿ ಒಂದೂ ಇಲ್ಲ.
ನನ್ನ ಮಣಿಕಟ್ಟಿಗೇ ಕೊಯ್ದಿದ್ದಾರೆ, ನೀಟಾಗಿ.

ಮಹಡಿಯಲ್ಲಿ ಅವನ ಅಲಾರಂ ಬಡಿದು ಬಡಿದು ನಿಂತಿತು.
ಎದ್ದಿರಲಾರ.
ರಾತ್ರಿ ಪಾಳಿ ಮುಗಿಸಿ ಎರಡಕ್ಕೆ ಬಂದವನು,
ಹಾಸಿಗೆಯಿಂದಾಚೆ ಒಂದು ಕೈ ಇಳಿಬಿಟ್ಟು
ಮಲಗಿರುತ್ತಾನೆ.