ಹಿತ್ತಾಳೆ ಕಿವಿ

ಫುಜಿ ಹೊಳೆಯ ಆಚೆ ದಡದಲ್ಲಿ ಕರೆಂಟು
ಸೆಕೆಂಡಿಗೆ ಅರವತ್ತು ಸಲ ನಡುಗುತ್ತದೆ, ಈಚೆ ಐವತ್ತು.
ಯಾವ ಕಾಲದಲ್ಲೋ ಯಾರೋ
ಎರಡು ದೇಶಗಳಿಂದ ಯಂತ್ರ ಕೊಂಡು ತಂದರಂತೆ.
ಸೇತುವೆ ದಾಟಿದರೆ ಟ್ರಾನ್ಸ್‌ಫಾರ್ಮರಿನ ಗುಂಯ್ ಕೂಡ
ಮೂರು ಮೆಟ್ಟಿಲು ಮೇಲೆ.
ಇಪ್ಪತ್ತೆರಡು ವರ್ಷದಿಂದ
ಎರಡೂ ದಡದ ಗೋಡೆಗಳೊಳಗೆ ಕೈಯಿಟ್ಟವಳು ನಾನು.

ಮೊಚಿಜುಕಿ ಕಿಯೊಹರು ಅವರ ಮನೆ ಈಚೆ ದಡದ್ದು.
ಕಾಗದದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ
ಹಾಳೆಯ ಮೂಲೆ ಹಿಡಿದು, ಕಿವಿಯ ಬಳಿ ಒಮ್ಮೆ ಕೊಡವಿ
"ಇದು ತೇವ, ಇದು ಸರಿ, ಇದನ್ನು ವಾಪಸು ಕಳಿಸಿ" ಎಂದವರು.
ಅಂಥ ಕಿವಿ.
ಪೆನ್ಷನ್ನಿನಲ್ಲಿ ಉಳಿಸಿ ತರಿಸಿದ ಸಾಕೆಟ್ಟು
ಕರವಸ್ತ್ರದ ಮೇಲೆ ಕೂತಿತ್ತು, ನಿಶ್ಚಿತಾರ್ಥದ ಉಂಗುರದ ಹಾಗೆ.
ರೋಡಿಯಂ ಲೇಪ, ಆಸ್ಪತ್ರೆಯ ದರ್ಜೆ,
ನನ್ನ ಒಂದು ವಾರದ ಕೂಲಿಗಿಂತ ತುಸು ಹೆಚ್ಚು.
"ಕರೆಂಟು ಕೊಳೆಯಾದರೆ ಚೆಲ್ಲೋದಲ್ಲಿ ಬರೀ ತಂತಿ ಕೇಳುತ್ತದೆ,
ಮರ ಕೇಳುವುದಿಲ್ಲ," ಎಂದರು.

ಬೆಟ್ಟದ ಅಣೆಕಟ್ಟಿನಿಂದ ಇಲ್ಲಿಗೆ
ಎಷ್ಟು ಮೈಲಿ ಅಲ್ಯೂಮಿನಿಯಮ್ಮು, ಎಷ್ಟು ತುಕ್ಕು ಹಿಡಿದ ಬೋಲ್ಟು,
ಎಷ್ಟು ಮನೆಯ ವಾಷಿಂಗ್ ಮೆಷೀನು, ಎಷ್ಟು ಕಾಗೆ!
ಊರೆಲ್ಲ ಅಲೆದು ಬಂದ ನೀರಿಗೆ
ಕೊನೆಯ ಗೇಣಿನಲ್ಲಿ ಬೆಳ್ಳಿಯ ನಲ್ಲಿ.
ಬಾಯಿ ಬಿಡಲಿಲ್ಲ. ಮೇನ್ ಸ್ವಿಚ್ಚು ಇಳಿಸಿದೆ.

ಹಳೆಯದು ಕಪ್ಪು ಹಿಡಿದ ಹಿತ್ತಾಳೆ.
ಪೆಟ್ಟಿಗೆಯೊಳಗೆ ಪೆನ್ಸಿಲ್ಲಿನಲ್ಲಿ
"ಶೋವಾ ನಲವತ್ತೊಂಬತ್ತು, ಚಳಿ."
ಹೆಸರಿಲ್ಲ.
ಒಂದು ತಿರುಪು ಅರ್ಧ ಸುತ್ತು ಸಡಿಲ, ತಂತಿಯ ತುದಿ ತುಸು ಸುಟ್ಟಿದೆ.
ಇದು ಸಂಗೀತದ ಮಾತಲ್ಲ, ಮನೆ ಉಳಿಯುವ ಮಾತು.
ಸುಟ್ಟಷ್ಟು ಕತ್ತರಿಸಿ, ಬಿಗಿ ಮಾಡಿದೆ. ಪಕ್ಕದಲ್ಲೇ ಹೊಸದನ್ನೂ ಕೂರಿಸಿದೆ.

"ಪರೀಕ್ಷೆ ಮಾಡಿ ಇವರನ್ನು," ಎಂದರು ಸುಮಿಯೆ,
ಕಿತ್ತಳೆ ಸುಲಿಯುತ್ತಾ.
ಅವರು ಕಣ್ಣು ಮುಚ್ಚಿ ಕೂತರು. ಹತ್ತು ಸಲ
ಪ್ಲಗ್ಗು ಕಿತ್ತು, ಅದಕ್ಕೋ ಇದಕ್ಕೋ ಚುಚ್ಚಿ,
ವಾಲ್ವು ಕೆಂಪಾಗುವ ತನಕ ಕಾದು,
ಅದೇ ರೆಕಾರ್ಡಿನ ಅದೇ ಒಂದು ನಿಮಿಷ.
"ಹೊಸದು." "ಹಳೆಯದು." "ಹಳೆಯದು... ಅಲ್ಲ, ಹೌದು."
ಏಳನೆಯ ಸಲ ಎದ್ದೇ ನಿಂತರು:
"ಈಗ! ಬಿಲ್ಲು ತಂತಿ ಮುಟ್ಟುವ ಮುಂಚಿನ ಉಸಿರು! ಏನು ಮಾಡಿದಿರಿ?"
ನಾನು ಏನೂ ಮಾಡಿರಲಿಲ್ಲ.
ಅಡುಗೆಮನೆಯಲ್ಲಿ ಫ್ರಿಜ್ಜು ನಿಂತಿತ್ತು.

ಮೂವರೂ ಕೇಳಿದೆವು. ನನಗೂ ಕೇಳಿತು, ಸುಳ್ಳು ಹೇಳುವುದಿಲ್ಲ:
ಯಾರೋ ಮರದ ಮೇಲೆ ಮೊಣಕೈ ಊರಿ ಸರಿಯಾಗಿ ಕೂತ ಸದ್ದು.
ಆಮೇಲೆ ಧಡ್ ಎಂದು ಫ್ರಿಜ್ಜು ಮತ್ತೆ ಶುರುವಾಯಿತು.

ಹತ್ತಕ್ಕೆ ಆರು ಸರಿ.
"ಆರು!" ಎಂದರು ಅವರು.
"ನಾಣ್ಯ ಚಿಮ್ಮಿದರೂ ಒಮ್ಮೊಮ್ಮೆ ಆರು," ಎಂದರು ಸುಮಿಯೆ.
ಅವರು ಅಡುಗೆಮನೆಯ ಕಡೆ ನೋಡಿದರು, ಗೋಡೆಯ ಕಡೆ ನೋಡಿದರು.
"ಹೊಸದೇ ಇರಲಿ."

ಇರಲಿ. ಬಿಲ್ಲು ಬರೆದೆ, ತಿರುಪಿಗೆ ದುಡ್ಡು ಹಿಡಿಯಲಿಲ್ಲ.
ಹಳೆಯದನ್ನು ನನಗೇ ಕೊಟ್ಟರು.
ಹಿತ್ತಾಳೆ ಕಿವಿ ಎಂದರೆ ಹೇಳಿದ್ದನ್ನೆಲ್ಲ ನಂಬುವ ಕಿವಿ.
ಇದೋ, ನಿಜವಾದ ಹಿತ್ತಾಳೆ,
ಐವತ್ತು ವರ್ಷ ಒಂದೇ ಮನೆಯ ಸಂಗೀತಕ್ಕೆಲ್ಲ ಉಣಿಸಿ
ಒಂದನ್ನೂ ಕೇಳದೆ ಉಳಿದದ್ದು.
ವ್ಯಾನಿನಲ್ಲಿ ಕಿವಿಗಿಟ್ಟು ನೋಡಿದೆ. ನಗಬೇಡಿ.

ಹದಿನೈದು ದಿನ ಕಳೆದು ಸುಮಿಯೆ ಫೋನು ಮಾಡಿದರು:
"ಸಂಜೆ ಏಳರಿಂದ ಎಂಟೂವರೆ ನಮ್ಮ ಫ್ರಿಜ್ಜಿಗೆ ರಜೆ.
ಕದ್ದು ಆರಿಸುತ್ತಾರೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ.
ಬಂದವರಿಗೆಲ್ಲ ಸಾಕೆಟ್ಟನ್ನೇ ತೋರಿಸುತ್ತಾರೆ."
ತೋಫು ಹುಳಿಯಾಗುತ್ತಿದೆಯೇ, ಎಂದೆ.
"ಸ್ವಲ್ಪ," ಎಂದರು. ಹಿಂದೆ ಚೆಲ್ಲೋ.
"ಆಮೇಲೆ ಮಾತಾಡೋಣ, ಈ ಭಾಗ ಚೆನ್ನಾಗಿದೆ."