ಹಲಗೆಯ ಲೆಕ್ಕ

ಆಟಿಯ ನೆರೆ ನಮಗೆ ಗೊತ್ತು.
ಅದು ಹೇಳಿ ಬರುತ್ತದೆ:
ಘಟ್ಟದಲ್ಲಿ ಮೂರು ದಿನ ಗುಡುಗಿ,
ಗುರುಪುರ ಹೊಳೆ ಚಹಾದ ಬಣ್ಣದಿಂದ ಇಟ್ಟಿಗೆಗೆ ತಿರುಗಿ,
ಬಾವಿಯ ನೀರು ಬಗ್ಗಿದರೆ ಕೈಗೆ ಸಿಕ್ಕಿ.
ಅಷ್ಟರಲ್ಲಿ ಅಕ್ಕಿಮುಡಿ ಅಟ್ಟ ಸೇರಿರುತ್ತದೆ,
ದನ ಆಚೆ ದಡದ ಸಿಪ್ರಿಯನ್ ಪೊರ್ಬುಗಳ ಹಟ್ಟಿಯಲ್ಲಿ,
ಸಂಕ ಬಿಚ್ಚಿ ಅದರ ಮರಗಳನ್ನು
ತೆಂಗಿನ ಬುಡಕ್ಕೆ ಕಟ್ಟಿ ಆಗಿರುತ್ತದೆ.

ಪಗ್ಗು ಹಾಗಲ್ಲ.
ಪಗ್ಗುವಿನಲ್ಲಿ ನಮ್ಮ ಕುದ್ರು
ಬಾಯಿ ತೆರೆದು ಮಲಗಿದ ಮಗು.
ಮಾಡಿನ ಅರ್ಧ ಹಂಚು ಕೆಳಗೆ,
ಒಡೆದವು ಒಂದು ಕಡೆ, ಆಗುವವು ಒಂದು ಕಡೆ.
ಚಾಪೆಯ ಮೇಲೆ ಹಲಸಿನ ಹಪ್ಪಳ,
ಅಂಗಳದಲ್ಲಿ ಸೌದೆ, ಹುಣಸೆಹಣ್ಣು, ಒಣಮೀನು.
ಮಳೆಗಾಲ ಉಣ್ಣುವುದೆಲ್ಲ
ಬಿಸಿಲಿನಲ್ಲಿ ಬೆತ್ತಲೆ ಕೂತಿರುತ್ತದೆ.

ಆ ವರ್ಷ ಬಿಸು ಕಣಿಯ ಸೌತೆ ಇನ್ನೂ ಬಾಡಿರಲಿಲ್ಲ.
ವಾಯುಭಾರ ಕುಸಿತ ಎಂದಿತು ರೇಡಿಯೋ.
ಯಾರ ಮೇಲೆ ಕುಸಿಯಿತು ಅಂತ ಹೇಳಲಿಲ್ಲವಲ್ಲ,
ಅಂದಳು ಅಜ್ಜಿ.
ಎರಡು ರಾತ್ರಿ, ಒಂದು ಹಗಲು ಮಳೆ.

ಕೆಳಗಿನ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಗೇ ಇತ್ತು,
ಉಪ್ಪು ಮೇಲೆ ಬಾರದಂತೆ, ಸಿಹಿ ಕೆಳಗೆ ಹೋಗದಂತೆ.
ಬೇಶ ಇಪ್ಪತ್ತು ಕಳೆಯದೆ ತೆಗೆಯುವ ಹಾಗಿಲ್ಲ.
ಗುತ್ತಿಗೆದಾರರ ಫೋನು
ಮಂಗಳೂರಿನಲ್ಲಿ ಎಲ್ಲೋ ರಿಂಗಾಯಿತು, ರಿಂಗಾಯಿತು.

ನೀರು ಸದ್ದಿಲ್ಲದೆ ಬಂತು.
ಕೋಳಿಗೂಡಿನ ಕೆಳಗೆ ಒಂದು ಹೊಳಪು.
ಹಪ್ಪಳಗಳು ಒಂದೊಂದಾಗಿ ಎದ್ದು
ಅಂಗಳ ಬಿಟ್ಟು ನಡೆದವು.
ಅಜ್ಜಿಯನ್ನು ಮೇಜಿನ ಮೇಲೆ ಕೂರಿಸಿದೆವು.
ಕಾಲು ಮಡಚಿಕೊಂಡು ಕೇಳಿದಳು:
ಕಾರ್ತೆಲ್ ಬಂತಾ ಮಗಾ, ನನಗೆ ಮರೆತುಹೋಯ್ತಾ?

ಅಪ್ಪ, ದೂಮಣ್ಣ, ಪೊರ್ಬುಗಳ ಮಗ ರೋಶು.
ಎರಡು ಹಾರೆ, ಒಂದು ಹಗ್ಗ.
ಟಾರ್ಚು ಹಿಡಿಯಲಿಕ್ಕೆ ನಾನು, ಹದಿಮೂರು ವರ್ಷ.
ನಾಲ್ಕು ತಿಂಗಳು ನೀರು ಕುಡಿದ ಹಲಗೆ
ಉಬ್ಬಿ, ಕಲ್ಲಿನ ಗಾಡಿ ಬಿಟ್ಟು ಕದಲಲೊಲ್ಲದು.
ರೋಶು ಹೊಳೆಯ ತಾಯಿಗೆ ಕೊಂಕಣಿಯಲ್ಲಿ ಬೈದ.
ಮೊದಲನೆಯದು ಬಂದಾಗ ಹೊಳೆ ಕೆಮ್ಮಿತು.
ಆಮೇಲೆ ನಾವು ಕೀಳಬೇಕಾಗಲಿಲ್ಲ,
ನೀರೇ ಕೈಯಿಂದ ಕಿತ್ತುಕೊಂಡಿತು.
ಹನ್ನೊಂದು, ಎಣಿಸಿದ ಅಪ್ಪ.

ನಮ್ಮ ಅಂಗಳದಲ್ಲಿ ಒಂದು ಗೇಣು ಇಳಿಯಿತೆಂದು
ಅಮ್ಮ ದೂರದಿಂದ ಕೂಗಿದಳು.
ನಾವು ನಕ್ಕೆವು. ನಿಜವಾಗಿ ನಕ್ಕೆವು.

ಕೆಳಗೆ, ಬ್ಯಾರಿಗಳ ಕುದ್ರುವಿನಲ್ಲಿ
ಒಂದು ಚಿಮಿಣಿ ದೀಪ ಇತ್ತು. ನಾನು ಮೊದಲೇ ನೋಡಿದ್ದೆ.
ಅದು ಎರಡಾಯಿತು. ನಾಲ್ಕಾಯಿತು.
ಆಚೀಚೆ ಓಡತೊಡಗಿತು.
ಟಾರ್ಚು ಆರಿಸು, ಅಂದ ಅಪ್ಪ.

ನೀರು ಏರಿದರೂ ನೆರೆ,
ಪಕ್ಕದ ಮನೆಯೂ ನೆರೆ.
ಶಾಲೆಯಲ್ಲಿ ಇದನ್ನು ನಾನಾರ್ಥ ಎಂದು ಬರೆಸಿದ್ದರು.
ನನಗೆ ಪೂರ್ತಿ ಅಂಕ ಸಿಕ್ಕಿತ್ತು.

ಮೂರನೆಯ ದಿನ ಬಿಸಿಲು, ಏನೂ ಆಗದ ಹಾಗೆ.
ಪೊಡಿಯಬ್ಬ ದೋಣಿ ಊರಿಕೊಂಡು ಬಂದ,
ಸೊಂಟದವರೆಗೆ ಕೆಸರು ಒಣಗಿ ಬಿರಿದಿತ್ತು.
ದೋಣಿಯಲ್ಲಿ ಒಂಬತ್ತು ಹಲಗೆ,
ಅದರ ಮೇಲೆ ನಡುಗುವ ಒಂದು ಆಡಿನ ಮರಿ,
ಮನೆಯಲ್ಲಿ ಅದನ್ನು ಇಡಲಿಕ್ಕೆ ಒಣ ಜಾಗ ಇಲ್ಲವಂತೆ.
ಹಲಗೆಗಳನ್ನು ಒಂದೊಂದೇ ದಡಕ್ಕೆ ಇಟ್ಟ,
ನಿದ್ದೆ ಹೋದವರನ್ನು ಇಳಿಸುವ ಹಾಗೆ.
ಇನ್ನೆರಡು ನಮ್ಮ ಗೋಡೆಗೆ ಸಿಕ್ಕಿಕೊಂಡಿವೆ,
ಬಿಡಿಸಿ ತರ್ತೇನೆ, ಅಂದ.

ಅಮ್ಮ ನೀರು, ಬೆಲ್ಲ ತಂದಳು.
ಕುಡಿದು, ಚೊಂಬು ಬೋರಲು ಹಾಕಿ,
ಅಪ್ಪನ ಮುಖ ನೋಡಿ ಕೇಳಿದ:
ನಿಮ್ಮದೇ ಅಲ್ವಾ?

ಅಪ್ಪ ಹಲಗೆ ಎಣಿಸಿದ.
ಒಂಬತ್ತು.
ಮತ್ತೆ ಮೊದಲಿನಿಂದ ಎಣಿಸಿದ.